ಜೊತೆಗಾಗಿ ಕಾಯಬೇಡಿ, ಒಂದು ದಿನ ಮೊದಲು ಸೌತಾಂಪ್ಟನ್ ಸೇರಿಕೊಳ್ಳಿ

ಮಂಡ್ಯದಿಂದ ಒಬ್ಬರೇ ಹೊರಟು ಹಡಗಿನಲ್ಲಿ ಅಟ್ಲಾಂಟಿಕ್ ದಾಟಿದರೆ ಏಳು ದಿನ ಬೇಸರವಾಗುವುದಿಲ್ಲವೇ, ಜೊತೆ ಸಿಗುವವರೆಗೆ ಕಾಯಲೇ ಎಂದು ಕೇಳಿದ್ದೀರಿ. ಕಾಯಬೇಡಿ. ನಾನೂ ಮೈಸೂರಿನಲ್ಲಿ ಕುಳಿತು ಇದೇ ಚಿಂತೆಯಲ್ಲಿ ಮೂರು ವರ್ಷ ಕಳೆದವಳು. ಕೊನೆಗೆ ನನಗೆ ಪೆಟ್ಟು ಕೊಟ್ಟಿದ್ದು ಒಂಟಿತನವಲ್ಲ, ಒಂದು ರಾತ್ರಿಯ ಹೋಟೆಲ್ ಬಾಡಿಗೆ ಉಳಿಸಲು ನಾನು ಹಾಕಿದ ಲೆಕ್ಕ.

ನ್ಯೂಜೆರ್ಸಿಯ ಮಗಳ ಮನೆಗೆ ಹೋಗಲು ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹೊರಡುವ ಕ್ವೀನ್ ಮೇರಿ 2 ಹಡಗಿನ ಟಿಕೆಟ್ ಕೊಂಡಿದ್ದೆ. ಹಡಗು ಹೊರಡುವುದು ಸಂಜೆ. ನನ್ನ ವಿಮಾನ ಅದೇ ದಿನ ಬೆಳಿಗ್ಗೆ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಿತ್ತು, ಅಲ್ಲಿಂದ ಬಂದರಿಗೆ ಬಸ್ಸಿನಲ್ಲಿ ಸುಮಾರು ಎರಡು ಗಂಟೆ. ಬೇಕಾದಷ್ಟು ಸಮಯವಿದೆ ಎಂದುಕೊಂಡೆ. ದಾರಿಯಲ್ಲಿ ವಿಮಾನ ಬದಲಿಸುವ ಊರಿಗೆ ಮೊದಲ ವಿಮಾನವೇ ತಡವಾಗಿ ತಲುಪಿ ಎರಡನೆಯದು ತಪ್ಪಿತು, ಹೀಥ್ರೂ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಹಡಗು ಹೊರಡುವ ಹೊತ್ತನ್ನೇ ನಾನು ಗಡುವೆಂದು ತಿಳಿದಿದ್ದೆ, ಆದರೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಕೆಲಸ ಅದಕ್ಕಿಂತ ಬಹಳ ಮೊದಲೇ ಮುಗಿದಿರುತ್ತದೆ. ಮೈಸೂರಿನಲ್ಲಿ ರೈಲು ತಪ್ಪಿದರೆ ಕಾರಿನಲ್ಲಿ ಓಡಿ ಮಂಡ್ಯದಲ್ಲಿ ಹಿಡಿಯಬಹುದು. ನಾನು ಹೊರಟಿದ್ದ ಆ ನೇರ ಪ್ರಯಾಣದಲ್ಲಿ ಸೌತಾಂಪ್ಟನ್ ಬಿಟ್ಟರೆ ಮುಂದಿನ ನಿಲ್ದಾಣ ನ್ಯೂಯಾರ್ಕೇ. ವಿಮಾನದ ಟಿಕೆಟ್ಟನ್ನೂ ಹಡಗಿನ ಟಿಕೆಟ್ಟನ್ನೂ ಬೇರೆಬೇರೆಯಾಗಿ ಕೊಂಡಿದ್ದರಿಂದ ವಿಮಾನದವರ ಹೊಣೆ ಲಂಡನ್ನಿಗೇ ಮುಗಿದಿತ್ತು, ಹಡಗು ತಪ್ಪಿದರೆ ಪರಿಹಾರ ಕೊಡುವ ಅಂಶ ನನ್ನ ವಿಮೆಯಲ್ಲಿ ಇರಲಿಲ್ಲ. ಹಡಗಿನ ಹಣವೆಲ್ಲ ಹೋಯಿತು. ಮಗಳ ಮನೆಗೆ ಮತ್ತೊಂದು ವಿಮಾನದ ಟಿಕೆಟ್ ಕೊಂಡು ಹೋದೆ.

ಎರಡು ವರ್ಷ ಹಣ ಕೂಡಿಸಿ ಮತ್ತೆ ಹೊರಟೆ, ಈ ಸಲ ಎರಡು ದಿನ ಮೊದಲೇ ಸೌತಾಂಪ್ಟನ್‌ನಲ್ಲಿದ್ದೆ. ಊಟಕ್ಕೆ ದೊಡ್ಡ ಮೇಜು ಬೇಕೆಂದು ಮೊದಲೇ ಬರೆಸಿದ್ದರಿಂದ ಎಂಟು ಜನರ ನಡುವೆ ಕೂರಿಸಿದರು, ಅವರಲ್ಲಿ ನಾಲ್ವರು ನನ್ನಂತೆಯೇ ಒಬ್ಬೊಬ್ಬರೇ ಬಂದವರು. ನ್ಯೂಯಾರ್ಕಿನ ಗಡಿಯಾರ ಲಂಡನ್ನಿಗಿಂತ ಐದು ಗಂಟೆ ಹಿಂದಿರುವುದರಿಂದ ಪಶ್ಚಿಮಕ್ಕೆ ಹೋಗುವಾಗ ಐದು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಿಡುತ್ತಾರೆ. ದಿನಕ್ಕೆ 25 ಗಂಟೆ ಸಿಗುತ್ತದೆ, ದೇಹ ಹೊಸ ಸಮಯಕ್ಕೆ ತಾನಾಗಿಯೇ ಒಗ್ಗುತ್ತದೆ. ಆದ್ದರಿಂದ ಮೊದಲ ಸಲ ಹೋಗುವವರು ಪಶ್ಚಿಮದ ದಿಕ್ಕನ್ನೇ ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೊನೆಯ ದಿನ ನಸುಕಿನಲ್ಲಿ 345 ಮೀಟರ್ ಉದ್ದದ ಆ ಹಡಗು ನ್ಯೂಯಾರ್ಕ್ ಬಂದರಿನ ಬಾಯಲ್ಲಿರುವ ವೆರ್ರಜಾನೋ ಸೇತುವೆಯಡಿ ನುಸುಳುವಾಗ, ಹೊಗೆಗೂಡು ತಾಗಿಯೇಬಿಟ್ಟಿತೆಂದು ನಾವೆಲ್ಲ ಡೆಕ್ಕಿನಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆವು.

ಖರ್ಚಿನ ಮಾತು ಬೇರೆ. 2016ರ ನವೀಕರಣದಲ್ಲಿ ಒಬ್ಬರಿಗೆಂದೇ 15 ಕೋಣೆಗಳನ್ನು ಸೇರಿಸಿದರು, ಅವು ಬೇಗ ತುಂಬುತ್ತವೆ. ಇಬ್ಬರ ಕೋಣೆಯಲ್ಲಿ ಒಬ್ಬರೇ ಇದ್ದರೆ ದರ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ನಮ್ಮ ಪಾಸ್‌ಪೋರ್ಟಿಗೆ ಬ್ರಿಟನ್, ಅಮೆರಿಕ ಎರಡರ ವೀಸಾವೂ ಬೇಕು. ಅವು ಕೈಗೆ ಬಂದ ದಿನವೇ ಕೋಣೆ ಕಾಯ್ದಿರಿಸಿ.