ಮಗು ಇರುವ ಮನೆಯಲ್ಲಿ ಓಝೋನ್ ಮಶೀನ್ ದಿನಕ್ಕೆ ಎಷ್ಟು ನಿಮಿಷ ಹಾಕಬಹುದು?

ಮಳೆಗಾಲದ ಮುಗ್ಗಲು ವಾಸನೆಗೆಂದು ಓಝೋನ್ ಗ್ಯಾಸ್ ಬಿಡುವ 10 ಗ್ರಾಂ ಮಶೀನ್ ತಂದಿದ್ದೀರಿ, ಎರಡು ವರ್ಷದ ಮಗು ಉಂಟು, ಎಷ್ಟು ನಿಮಿಷ ಸೇಫ್ ಎಂದು ಕೇಳಿದ್ದೀರಿ. ಒಂದು ನಿಮಿಷವೂ ಬೇಡ ಮಾರಾಯ್ರೆ. ಐದು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿದವನು.

ನಮ್ಮದು ಉಡುಪಿಯ ಅಂಬಲಪಾಡಿ ಹತ್ತಿರ ಹಳೆಯ ತಾರಸಿ ಮನೆ. ಆಟಿ ತಿಂಗಳು, ಬಿಡದೆ ಮಳೆ. ಅಮ್ಮನ ಕಪಾಟು ತೆರೆದರೆ ರೇಷ್ಮೆ ಸೀರೆಯ ಮಡಿಕೆಯಲ್ಲೆಲ್ಲ ಬಿಳಿ ಬೂಸ್ಟು. ಅಮ್ಮನನ್ನು ತಂಗಿಯ ಮನೆಗೆ ಕಳಿಸಿ, ಕೋಣೆಯ ಬಾಗಿಲು ಹಾಕಿ, ಅಡಿಯ ಸಂದಿಗೆ ಪಂಚೆ ತುರುಕಿ ಎರಡು ಗಂಟೆ ಮಶೀನ್ ಓಡಿಸಿದೆ.

ತಪ್ಪಿದ್ದು ಸ್ವಿಚ್‌ನಲ್ಲಿ. ಮಶೀನಿಗೆ ಟೈಮರ್ ಇರಲಿಲ್ಲ, ಪ್ಲಗ್ ಕೋಣೆಯ ಒಳಗೇ ಇತ್ತು. ಹಾಲ್‌ನಿಂದ ಎಕ್ಸ್‌ಟೆನ್ಶನ್ ಎಳೆದಿದ್ದರೆ ಸಾಕಿತ್ತು. ಅದೂ ಬೇಡ, ಮೈನ್ ಸ್ವಿಚ್ ಆರಿಸಿ ನಾಲ್ಕು ಗಂಟೆ ಸುಮ್ಮನೆ ಕೂತಿದ್ದರೂ ಆಗುತ್ತಿತ್ತು. ಎರಡೂ ಹೊಳೆಯಲಿಲ್ಲ. ಮೂಗಿಗೆ ಒದ್ದೆ ಬೈರಾಸು ಕಟ್ಟಿ, ಉಸಿರು ಹಿಡಿದು ಒಳಗೆ ಹೋದೆ. ಬಟ್ಟೆ ಧೂಳನ್ನು ತಡೆದೀತು, ಗ್ಯಾಸನ್ನಲ್ಲ. ಸ್ವಿಚ್ ಆರಿಸಿ ಕಿಟಕಿಗೆ ಕೈ ಹಾಕಿದರೆ ಅದು ಅಲುಗಲಿಲ್ಲ. ಹಲಸಿನ ಮರದ ಕಿಟಕಿ, ಮಳೆಗೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಅಂಗೈಯಿಂದ ಕುಟ್ಟಿದೆ, ಭುಜ ಕೊಟ್ಟು ನೂಕಿದೆ. ಕಟ್ಟಿದ ಉಸಿರು ಎಷ್ಟು ಹೊತ್ತು ನಿಂತೀತು? ಆಗಲೇ ಬಾಗಿಲಿಗೆ ಓಡಬೇಕಿತ್ತು. ಓಡಲಿಲ್ಲ, ಕಿಟಕಿ ಬಿಚ್ಚುವವರೆಗೆ ಅಲ್ಲೇ ಉಸಿರಾಡಿದೆ. ಎರಡು ಮೂರು ನಿಮಿಷ ಇರಬೇಕು.

ಹೊರಗೆ ಬಂದಾಗ ಗಂಟಲು ಉರಿ, ಅಷ್ಟೆ. ರಾತ್ರಿಯ ಹೊತ್ತಿಗೆ ಉಸಿರೆಳೆದರೆ ಎದೆಯ ನಡುವೆ ಚುಚ್ಚಿದ ಹಾಗೆ. ಬೆಳಿಗ್ಗೆ ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಕೊಟ್ಟರು. ಕೆಮ್ಮು ನಿಲ್ಲುವಾಗ ಚೌತಿ ಬಂದಿತ್ತು. ಆ ಕೋಣೆಯಲ್ಲಿ ಅಮ್ಮನ ಮದ್ದಿನ ಚೀಟಿಗಳಿಗೆ ಸುತ್ತಿದ್ದ ರಬ್ಬರ್ ಬ್ಯಾಂಡ್ ಮುಟ್ಟಿದೊಡನೆ ಪುಡಿಪುಡಿ ತುಂಡಾಯಿತು. ಓಝೋನ್ ರಬ್ಬರನ್ನು ಹೀಗೇ ಬಿರಿಸುತ್ತದೆ. ಅದೇ ಗಾಳಿ ನನ್ನ ಶ್ವಾಸಕೋಶಕ್ಕೂ ಹೋಗಿತ್ತಲ್ಲ.

ನಿಮ್ಮ ಲೆಕ್ಕ ನೋಡಿ. 10 ಗ್ರಾಂ ಎಂದರೆ ಗಂಟೆಗೆ 10 ಗ್ರಾಂ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಒಂದೇ ನಿಮಿಷಕ್ಕೆ ಘನ ಮೀಟರಿಗೆ ಸುಮಾರು 6 ಮಿಲಿಗ್ರಾಂ. ಅರ್ಧ ಗೋಡೆ, ಬಟ್ಟೆಗೆ ತಾಗಿ ಕರಗಿದರೂ 3 ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಎಂಟು ಗಂಟೆಯ ಸರಾಸರಿಗೆ ಹೇಳುವ ಮಿತಿ ಘನ ಮೀಟರಿಗೆ 0.1 ಮಿಲಿಗ್ರಾಂ. ಬೂಸ್ಟು ಸಾಯುವಷ್ಟು ಓಝೋನ್ ಮನುಷ್ಯರಿಗೆ ಆಗುವುದಿಲ್ಲ, ಮನುಷ್ಯರಿಗೆ ಆಗುವಷ್ಟರಲ್ಲಿ ಬೂಸ್ಟು ಸಾಯುವುದಿಲ್ಲ. ಲಿಂಬೆ ವಾಸನೆಯ ನೆಲ ಒರೆಸುವ ದ್ರವ ಇದ್ದರಂತೂ ಅದರೊಂದಿಗೆ ಸೇರಿ ಫಾರ್ಮಾಲ್ಡಿಹೈಡ್ ಎಂಬ ವಿಷದ ಗ್ಯಾಸ್ ಹುಟ್ಟುತ್ತದೆ.

ಇಷ್ಟೆಲ್ಲ ಆಗಿಯೂ ಕೋಣೆಯ ವಾಸನೆ ದೂರವಿದ್ದದ್ದು ನಾಲ್ಕೇ ದಿನ. ಕಪಾಟಿನ ಹಿಂದಿನ ಗೋಡೆ ಒದ್ದೆಯಾಗಿತ್ತು. ತಾರಸಿಯಲ್ಲಿ ನೀರು ಇಳಿಯುವ ಪೈಪಿನ ಬುಡ ಬಿರುಕು ಬಿಟ್ಟಿತ್ತು. ಅದನ್ನು ಮುಚ್ಚಿಸಿ, ಗೋಡೆ ಉಜ್ಜಿ ಒಣಗಿಸಿ, ಕಪಾಟನ್ನು ಗೋಡೆಯಿಂದ ಅರ್ಧ ಅಡಿ ಮುಂದಕ್ಕೆ ಎಳೆದು, ತೇವ ಹೀರುವ ಡಿಹ್ಯುಮಿಡಿಫೈಯರ್ ಇಟ್ಟೆವು. ಮತ್ತೆ ಬೂಸ್ಟು ಬರಲಿಲ್ಲ.

ನೀವೂ ಮೊದಲು ಮಗು ಮಲಗುವ ಕೋಣೆಯ ಗೋಡೆಗೆ ಕೈ ಇಟ್ಟು ನೋಡಿ, ತಣ್ಣಗೆ ತೇವ ಉಂಟಾ ಅಂತ. ಮಶೀನ್ ವಾಪಸ್ ಕೊಡುವ ದಿನ ಮುಗಿಯದಿದ್ದರೆ ಇವತ್ತೇ ಕೊಟ್ಟುಬಿಡಿ.