ಹದಿನೈದು ಲೀಟರ್ ಟ್ಯಾಂಕಿನಲ್ಲಿ ಬೈಕ್ ನಿಜಕ್ಕೂ ಎಷ್ಟು ದೂರ ಓಡುತ್ತದೆ?

ಲೀಟರಿಗೆ 35 ಕಿ.ಮೀ. ಎಂಬ ಲೆಕ್ಕದಲ್ಲಿ ಹಾಸನದಿಂದ ಹೊರಟು 525 ಕಿ.ಮೀ. ಹೋಗಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ನಂಬಿ ಹೊರಡಬೇಡಿ. ಮಲೆನಾಡಿನ ಹಾದಿಯಲ್ಲಿ ಲೀಟರಿಗೆ 28 ಎಂದುಕೊಂಡು, 2 ಲೀಟರ್ ಮೀಸಲಿಟ್ಟು, 13 ಲೀಟರಿಗೆ ಮಾತ್ರ ಲೆಕ್ಕ ಹಾಕಿ: 364 ಕಿ.ಮೀ. ನಾನಾದರೆ 300 ದಾಟಿದ ಕೂಡಲೇ ಬಂಕ್ ಹುಡುಕುತ್ತೇನೆ.

ಕಾರಣ ಏರು. ಚಿಕ್ಕಮಗಳೂರಿನಿಂದ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯತ್ತ ಹತ್ತುವಾಗ ಬೈಕು, ಸವಾರ, ಸಾಮಾನು ಎಲ್ಲವನ್ನೂ ಎಂಜಿನ್ ಮೇಲಕ್ಕೆತ್ತಬೇಕು; ಅದೂ ಕೆಳಗಿನ ಗೇರಿನಲ್ಲಿ, ಅಂದರೆ ಪ್ರತಿ ಕಿಲೋಮೀಟರಿಗೆ ಹೆಚ್ಚು ಸುತ್ತು ತಿರುಗುತ್ತಾ. ಇಳಿಜಾರಿನಲ್ಲಿ ಸ್ವಲ್ಪ ಉಳಿಯುತ್ತದೆ ನಿಜ, ಆದರೆ ತಿರುವು ತಿರುವಿಗೂ ಬ್ರೇಕ್ ಒತ್ತಿದಾಗ ಆ ಗಳಿಕೆ ಬಿಸಿಯಾಗಿ ಕರಗಿಹೋಗುತ್ತದೆ. ಹೆದ್ದಾರಿಯಲ್ಲಿ ಏರಿನ ಬದಲು ಗಾಳಿಯ ತಡೆ: ವೇಗ ದುಪ್ಪಟ್ಟಾದರೆ ತಡೆ ನಾಲ್ಕು ಪಟ್ಟು.

ನಿಮ್ಮ ಬೈಕಿನ ನಿಜವಾದ ಮೈಲೇಜ್ ತಿಳಿಯಲು ಸಾಮಾನು ಹೇರಿಕೊಂಡೇ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, 200 ಕಿ.ಮೀ. ಓಡಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ, ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಇಂಧನ ಮುಳ್ಳನ್ನು ಘಾಟಿಯಲ್ಲಿ ನೆಚ್ಚಬೇಡಿ. ಬೈಕು ವಾಲಿದಂತೆ ಪೆಟ್ರೋಲ್ ಸರಿಯುತ್ತದೆ, ಒಳಗಿನ ತೇಲುಬುರುಡೆಯೂ ಅದರೊಂದಿಗೆ ಏರಿಳಿಯುತ್ತದೆ. ಚಾರ್ಮಾಡಿಗೆ ಇಳಿಯುವವರು ಮೂಡಿಗೆರೆಯಲ್ಲೇ ತುಂಬಿಸಿಕೊಳ್ಳುವುದು ಒಳ್ಳೆಯದು.