ತಾಯಿ ಪಾಪಕ್ಕ ಮಗನಿಗಿ ಫಿಟ್ಸ್ ಬರ್ತಾವೇನು?

ಹುಮನಾಬಾದ್ ಕಡಿಂದ ಒಬ್ಬ ಅಕ್ಕ ಬರ್ದಿದ್ದು, ಚುಟುಕಾಗಿ: "ನಮ್ಮೂರಾಗ ಮೂರು ರಾತ್ರಿ ಉಜ್ಜೀವನ ಕೂಟ ನಡೀತು. ಹೊರಗಿಂದ ಬಂದ ಬೋಧಕರು ನನ್ನ ಸ್ಟೇಜಿಗಿ ಕರ್ದು, ನೀ ಮುಚ್ಚಿಟ್ಟ ಪಾಪಕ್ಕೇ ನಿನ್ನ ಮಗನಿಗಿ ಫಿಟ್ಸ್ ಬರ್ತಾವ, ಕಾಣಿಕಿ ಕೊಡು, ಗುಳಿಗಿ ಬಿಡಸು ಅಂದ್ರು. ಸೋಯಾ ಮಾರಿದ ರೊಕ್ಕ ಕೊಟ್ಟೆ, ಗುಣ ಆಗ್ಲಿಲ್ಲ. ಕೇಳಿದ್ರ, ಅಭಿಷಿಕ್ತರ (ದೇವರು ಆರಿಸ್ಕೊಂಡೋರ) ವಿರುದ್ಧ ಮಾತಾಡಿದ್ರ ನ್ಯಾಯತೀರ್ಪು ಬರ್ತದ ಅಂತಾರ. ಆದ್ರ ಬಾಜೂ ಮನಿಯವರಿಗಿ ಸೊಂಟನೋವು ಹೋಗ್ಯಾದ. ಇವ್ರು ಸುಳ್ಳು ಬೋಧಕರಾದ್ರ ದೇವರು ಯಾಕ ಸುಮ್ಮಗಿದ್ದಾನ? ಸಭೆಯವ್ರು ಮತ್ತ ಅವ್ರನ್ನೇ ಕರಸ್ಲಾಕತ್ಯಾರ."

ಅಕ್ಕಾರ, ತೀರ್ಪಿನ ಮಾತು ಆಮ್ಯಾಲ, ಮೊದ್ಲು ಹುಡುಗನ ಗುಳಿಗಿ. ಫಿಟ್ಸ್ ಗುಳಿಗಿ ಒಮ್ಮೆಲೇ ಬಿಟ್ರ ಫಿಟ್ಸ್ ಒಂದರ ಮ್ಯಾಲ ಒಂದು ಬಂದು ಜೀವಕ್ಕೇ ಅಪಾಯ ಆಗಬಹುದು. ಇದನ್ನ ಓದಿದ ದಿನಾನೇ ಗುಳಿಗಿ ಬರ್ದುಕೊಟ್ಟ ಡಾಕ್ಟರ್ ಹತ್ರ ಹೋಗ್ರಿ, ಅವ್ರು ಸಿಗ್ಲಿಲ್ಲಂದ್ರ ಬೀದರಿನ ಸರ್ಕಾರಿ ಆಸ್ಪತ್ರಿ ಬ್ರಿಮ್ಸ್‌ಗಿ ಹೋಗ್ರಿ, ಎಷ್ಟು ದಿನ ಬಿಟ್ಟಿದ್ದೀವಿ ಅನ್ನೋದು ಮುಚ್ಚಿಡದಂಗ ಹೇಳ್ರಿ. ಪ್ರಾರ್ಥನಿ ಬ್ಯಾಡ ಅಂತ ನಾ ಎಲ್ಲಿ ಅಂದೆ, ಗುಳಿಗಿ ಕೊಟ್ಟು ಪ್ರಾರ್ಥನಿ ಮಾಡ್ರಿ. ಬೀದರ್, ಯಾದಗಿರಿದಾಗ ಮಿಷನ್ ಆಸ್ಪತ್ರಿ ನಡೆಸಿದ ಮೆಥಡಿಸ್ಟ್ ಮಂದಿ ಎರಡೂ ಮಾಡ್ತಿದ್ರು, ಅವ್ರ ವಿಶ್ವಾಸ ಏನು ಕಮ್ಮಿ ಇತ್ತಾ?

ಈಗ ಪಾಪದ ಮಾತು. ನಿಮಗ ಸ್ಟೇಜ್ ಮ್ಯಾಲ ಹಾಕಿದ ಪ್ರಶ್ನಿ ಹೊಸದಲ್ಲ, ಯೋಹಾನ 9ರಾಗ ಶಿಷ್ಯರೇ ಕೇಳ್ಯಾರ, ಈ ಹುಟ್ಟುಕುರುಡ ಹಿಂಗ ಆಗ್ಲಾಕ ಪಾಪ ಮಾಡಿದೋನು ಇವನೋ ಇವನ ತಂದಿತಾಯಿನೋ ಅಂತ, ಯೇಸು ಇಬ್ಬರೂ ಅಲ್ಲ ಅಂದ. ಲೂಕ 13ರಾಗ ಸಿಲೋವದ ಬುರುಜು ಬಿದ್ದು 18 ಮಂದಿ ಸತ್ತಾಗ ಅವ್ರು ಉಳಿದವರಿಗಿಂತ ದೊಡ್ಡ ಪಾಪಿಗಳೇನು ಅಂತ ಕೇಳಿ, ಅಲ್ಲ ಅಂತ ತಾನೇ ಹೇಳ್ದ, ಆದ್ರ ಅಷ್ಟಕ್ಕೇ ಬಿಡ್ಲಿಲ್ಲ, ನೀವು ಮನಸ್ಸು ತಿರುಗಿಸ್ಕೊಳ್ಳದಿದ್ರ ನೀವೆಲ್ಲಾರೂ ಹಂಗೇ ಹಾಳಾಗ್ತೀರಿ ಅಂದ. ಅಂದ್ರ ಪಾಪಕ್ಕ ತೀರ್ಪು ಖರೇ ಅದ, ಅದನ್ನ ನಾ ಸಡಿಲ ಮಾಡಂಗಿಲ್ಲ. ಆದ್ರ ಅಲ್ಲಿ ಅವ್ನು ನಿಂತ ಎಲ್ಲಾರಿಗೂ ಹೇಳ್ದ, ಗುಂಪಿನಾಗ ಒಬ್ಬ ಅಳೋ ತಾಯಿನ್ನ ಹುಡುಕಿ ಬೆರಳು ತೋರಿಸ್ಲಿಲ್ಲ.

ದಾವೀದನ ಕೂಸು ಅವನ ಪಾಪಕ್ಕೇ ಸತ್ತಿತ್ತಲ್ಲ ಅಂತ ಯಾರಾದ್ರೂ ತಕರಾರು ತೆಗೀತಾರ, ತೆಗೀಲಿ. ಅಲ್ಲಿ ಪ್ರವಾದಿ ನಾತಾನ ಏನು ಮಾಡ್ದ ನೋಡ್ರಿ, ಊರೀಯನ್ನ ಕೊಲ್ಲಿಸಿ ಅವನ ಹೆಂಡ್ತಿನ ಇಟ್ಕೊಂಡಿ ಅಂತ ಹೆಸರು ಹಿಡ್ದು, ಮಾಡಿದ ಕೆಲಸ ಹೇಳಿ, ರಾಜನ ಮುಖಕ್ಕೇ ಹೇಳ್ದ, ಒಂದು ಪೈಸಾ ಕಾಣಿಕಿ ಕೇಳ್ಲಿಲ್ಲ. ನಿಮಗ ಹೇಳಿದ್ದು "ಮುಚ್ಚಿಟ್ಟ ಪಾಪ" ಅಂತ, ಯಾವ ಪಾಪ ಅಂತ ಕೇಳಿದ್ರಾ? ಮುಚ್ಚಿಟ್ಟಿದ್ದು ಒಂದಾದ್ರೂ ಇಲ್ದೋರು ಯಾರು, ಸ್ಟೇಜಿಗಿ ನನ್ನ ಕರ್ದಿದ್ರೂ ನಾ ತಲಿ ತಗ್ಗಸ್ತಿದ್ದೆ, ನಮ್ಮ ಪ್ರೆಸ್ಸಿನ ಹುಡುಗನೂ ತಗ್ಗಸ್ತಿದ್ದ.

ಇನ್ನು ಅಭಿಷಿಕ್ತರನ್ನ ಮುಟ್ಟಬ್ಯಾಡ್ರಿ ಅನ್ನೋ ವಚನ. ಇದು ಕೇಳಿದ್ರ ನನಗ ಸಿಟ್ಟೇ ಬರ್ತದ. ಕೀರ್ತನೆ 105 ಪೂರಾ ಓದ್ರಿ, ಅಲ್ಲಿ ಅಭಿಷಿಕ್ತರು ಅಂದ್ರ ಅಬ್ರಹಾಮ, ಇಸಾಕ, ಯಾಕೋಬ, ಬೆರಳೆಣಿಕಿ ಮಂದಿ, ಸ್ವಂತ ಹೊಲ ಇಲ್ದೆ ದೇಶದಿಂದ ದೇಶಕ್ಕ ಅಲಿಯೋರು, ಅವ್ರನ್ನ ಪೀಡಿಸಬ್ಯಾಡ್ರಿ ಅಂತ ದೇವರು ಗದರಿಸಿದ್ದು ರಾಜರಿಗಿ. ಬಲ ಇದ್ದೋರ ಕೈಯಿಂದ ಬಡವ್ರನ್ನ ಕಾಯೋ ಮಾತು ಅದು, ಅದನ್ನ ಮೈಕ್ ಹಿಡಿದೋನು ಸೋಯಾ ಮಾರಿದ ಹೆಣ್ಮಗಳ ಮ್ಯಾಲ ತಿರುಗಿಸ್ಯಾನ. ದಾವೀದನೂ ತನ್ನ ಬೆನ್ನುಹತ್ತಿದ ಅಭಿಷಿಕ್ತ ರಾಜ ಸೌಲನ ಮ್ಯಾಲ ಕೈ ಎತ್ತಲಿಲ್ಲ ಖರೇ, ಆದ್ರ ಗವಿ ಹೊರಗ ನಿಂತು, ನೀ ಮಾಡೋದು ಅನ್ಯಾಯ ಅಂತ ಎಲ್ಲಾರ ಮುಂದ ಕೂಗಿ ಹೇಳ್ದ. ನೀವು ಬರೀ ಕೇಳೀರಿ ಅಷ್ಟೇ.

ಸುಳ್ಳು ಬೋಧಕರ ಮ್ಯಾಲಿನ ತೀರ್ಪು 2 ಪೇತ್ರ 2ರಾಗ ಅದ. ಪಾಪ ಮಾಡಿದ ದೇವದೂತರು, ನೋಹನ ಕಾಲದ ಜಲಪ್ರಳಯ, ಸೊದೋಮ ಗೊಮೋರ, ಮೂರೂ ಉದಾಹರಣಿ ಪೇತ್ರ ತಂದಿದ್ದು ದುರಾಸಿಯಿಂದ ಕಟ್ಟುಮಾತು ಹೇಳಿ ವಿಶ್ವಾಸಿಗಳಿಂದ ಲಾಭ ಮಾಡ್ಕೊಳ್ಳೋ ಬೋಧಕರಿಗಿ ತೋರಿಸ್ಲಾಕ, ರೊಕ್ಕದಾಸಿಗಿ ಬಿದ್ದ ಬಿಳಾಮನ ಹೆಸರೂ ಅಲ್ಲೇ ಬರ್ತದ. ಯಾಕೋಬ 3ರಾಗಂತೂ ಬೋಧಕರಿಗಿ ಹೆಚ್ಚಿನ ತೀರ್ಪು ಅಂತ ನೇರ ಅದ.

ಬಾಜೂ ಮನಿಯವರ ಸೊಂಟನೋವು ಹೋಗಿದ್ದಕ್ಕ ಸಂತೋಷ. ಆದ್ರ ಅದು ಸರ್ಟಿಫಿಕೇಟ್ ಅಲ್ಲ. ಸೂಚನಿ ನಿಜ ಆದ್ರೂ ಬೋಧನೆ ತಪ್ಪಿದ್ರ ಕೇಳಬ್ಯಾಡ್ರಿ ಅಂತ ಧರ್ಮೋಪದೇಶಕಾಂಡ 13 ಹೇಳ್ತದ. ಮತ್ತಾಯ 7ರಾಗ ನಿನ್ನ ಹೆಸರಿನಾಗ ದೆವ್ವ ಬಿಡಿಸೀವಿ ಅಂದೋರಿಗೇ ಯೇಸು, ನಿಮ್ಮ ಗುರುತೇ ನನಗಿಲ್ಲ ಅಂತಾನ.

ಹಂಗಾದ್ರ ದೇವರು ಯಾಕ ಸುಮ್ಮಗಿದ್ದಾನ? ಒಮ್ಮೊಮ್ಮೆ ಇರಂಗಿಲ್ಲ, ಯೆರೆಮೀಯ 28ರಾಗ ಹನನ್ಯ ಅನ್ನೋ ಪ್ರವಾದಿ ಎರಡು ವರ್ಷದಾಗ ಬಾಬೆಲಿನ ನೊಗ ಮುರೀತದ ಅಂತ ಮಂದಿಗಿ ಬೇಕಾದ ಸುಳ್ಳು ಹೇಳಿ, ಎರಡೇ ತಿಂಗಳಿಗಿ ಸತ್ತ. ಎಲ್ಲಾರಿಗೂ ಹಂಗ ಆಗಂಗಿಲ್ಲ, ಕೆಲವರ ಪಾಪ ಅವ್ರಿಗಿಂತ ಮುಂದ ತೀರ್ಪಿಗಿ ಹೋಗ್ತದ, ಕೆಲವರದು ಹಿಂದಿಂದ ಬರ್ತದ ಅಂತ ಪೌಲ ತಿಮೊಥೆಯನಿಗಿ ಬರೀತಾನ. ಮತ್ತ ನಿಮಗ ಹಿಡಿಸದ ಮಾತೊಂದು ಅದ, ಯಾರೂ ನಾಶ ಆಗಬಾರದು ಅಂತ ದೇವರು ತಾಳ್ಕೊಳ್ಳಾಕತ್ತಾನ ಅಂತ ಅದೇ 2 ಪೇತ್ರ ಮುಂದಿನ ಅಧ್ಯಾಯದಾಗ ಹೇಳ್ತದ, ಆ ತಾಳ್ಮಿ ನಿಮ್ಮ ರೊಕ್ಕ ತಿಂದೋನಿಗೂ ಅದ. ನನಗೂ ಅದು ಸಲೀಸಾಗಿ ಗಂಟಲದಾಗ ಇಳಿಯಂಗಿಲ್ಲ.

ದೇವರು ತಾಳ್ಕೊಂಡಾನ ಅಂತ ಸಭೆ ಕಮಿಟಿನೂ ಕೈಕಟ್ಟಿ ಕೂಡಬೇಕಂತಿಲ್ಲ. ಬೆರೋಯ ಅನ್ನೋ ಊರಿನವ್ರು ಪೌಲನ ಮಾತನ್ನೇ ದಿನಾ ಗ್ರಂಥದಾಗ ತೆಗ್ದು ನೋಡ್ತಿದ್ರು. ಆದಿ ಸಭೆಯ 'ದಿದಾಖೆ' ಅನ್ನೋ ಹಳೇ ಕಟ್ಟಳಿ ಇನ್ನೂ ಬಿಗಿ, ಊರಿಗಿ ಬಂದ ಅಪೊಸ್ತಲ ಮೂರು ದಿನ ಉಳ್ಕೊಂಡ್ರ ಸುಳ್ಳು ಪ್ರವಾದಿ, ಹೋಗುವಾಗ ರೊಕ್ಕ ಕೇಳಿದ್ರೂ ಸುಳ್ಳು ಪ್ರವಾದಿ. ನಿಮ್ಮ ಪಾಸ್ಟರ್ ಅಯ್ಯನವ್ರಿಗಿ ಈ ಪತ್ರಿಕಿ ತೋರಿಸ್ರಿ, ಒಬ್ಬಾಕಿನೇ ಹೋಗಬ್ಯಾಡ್ರಿ, ಮನಿಯವ್ರನ್ನೋ ಅಣ್ಣತಮ್ಮರನ್ನೋ ಕರ್ಕೊಂಡು ಹೋಗಿ ಮೂರು ರಾತ್ರಿ ಕಾಣಿಕಿ ಎಷ್ಟು ಬಂತು, ಎಲ್ಲಿಗಿ ಹೋಯ್ತು ಅಂತ ಲೆಕ್ಕ ಕೇಳ್ರಿ. ನಿಮ್ಮ ರೊಕ್ಕ ವಾಪಸ್ ಕೊಡ್ರಿ ಅಂತ ಕಾಗದದಾಗ ಬರ್ದು ಕೊಡ್ರಿ, ನಾಚಿಕಿ ಬ್ಯಾಡ. ಸುಂಕ ವಸೂಲಿ ಮಾಡೋ ಜಕ್ಕಾಯ ಮನಸ್ಸು ತಿರುಗಿದಾಗ ಮೋಸದಿಂದ ತಗೊಂಡಿದ್ದು ನಾಕರಷ್ಟು ಕೊಡ್ತೀನಿ ಅಂದಿದ್ದ, ನೀವು ಕೊಟ್ಟಷ್ಟೇ ಕೇಳ್ರಿ.